ಉಡೋಕೋ, ಕೊಡೋಕೋ?

ಮಧುಗಿರಿ ಪೇಟೆ ಬೀದಿಯ ದಾಕ್ಷಾಯಣಮ್ಮನವರಿಗೆ ಆನ್‌ಲೈನ್ ಅಂಗಡಿಯ ಮುಖಪರಿಚಯವಾದದ್ದು, ಅವರ ಮಗ ಗೌರೀಶ ಅದೇ ಆನ್‌ಲೈನಿನ ಮೇಲೆ ಯುದ್ಧ ಸಾರಿದ ದಿನವೇ.

ಆ ದಿನ ಬೆಳಿಗ್ಗೆ ಗೌರೀಶ ಏಣಿ ಹಾಕಿಸಿ ಅಂಗಡಿಯ ನೆತ್ತಿಗೆ ಒಂದು ಬ್ಯಾನರು ಕಟ್ಟಿಸಿದ. ‘ಫೋಟೋ ನೋಡಿ ಮರುಳಾಗಬೇಡಿ! ಮುಟ್ಟಿ ನೋಡಿ, ಆಮೇಲೆ ಕೊಳ್ಳಿ!’ ಅದರ ಒಂದು ಮೂಲೆಯಲ್ಲಿ ತೀರಿಹೋದ ತಂದೆ ರೇಣುಕಯ್ಯನವರು ಪೇಟ ಸುತ್ತಿಕೊಂಡು ನಗುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಗೌರೀಶ ಕೈಮುಗಿದು ನಿಂತಿದ್ದ. ಫೋಟೋ ನೋಡಿ ಮರುಳಾಗಬೇಡಿ ಎನ್ನುವ ಬ್ಯಾನರಿನ ತುಂಬ ಫೋಟೋಗಳೇ ಇದ್ದವು. ಅಂಗಡಿಯ ಹೆಸರು ‘ರೇಣುಕಯ್ಯ ಅಂಡ್ ಸನ್ಸ್, ಜವಳಿ ವರ್ತಕರು’. ಮಗ ಇರುವುದು ಒಬ್ಬನೇ. ಬೋರ್ಡು ಬರೆಸಿದ ಕಾಲಕ್ಕೆ ರೇಣುಕಯ್ಯನವರಿಗೆ ಮುಂದಿನ ದಿನಗಳ ಮೇಲೆ ಬಹಳ ಭರವಸೆಯಿತ್ತು!

ಅಂಗಡಿ ಕೆಳಗೆ, ಮನೆ ಮೇಲೆ. ಮಧ್ಯಾಹ್ನ ಊಟಕ್ಕೆ ಹತ್ತಿ ಬಂದ ಗೌರೀಶ ಮುದ್ದೆ ಮುರಿಯುವ ಮೊದಲೇ ಆಜ್ಞೆ ಹೊರಡಿಸಿದ.

“ಇನ್ಮೇಲೆ ಈ ಮನೆಗೆ ಆನ್‌ಲೈನಿಂದ ಒಂದು ಪಿನ್ನೂ ಬರಂಗಿಲ್ಲ. ವರ್ತಕರ ಸಂಘದಾಗೆ ಮೈಕ್ ಹಿಡ್ದು ಮಾತು ಕೊಟ್ಟು ಬಂದಿದೀನಿ. ಜವಳಿ ಅಂಗಡಿಯೋನ ಬಾಗಿಲಿಗೇ ಪಾರ್ಸೆಲ್ ಬಂದ್ರೆ ಜನ ಯಾವುದ್ರಲ್ಲಿ ನಗ್ತಾರೆ?”

“ಬಾಯಲ್ಲೇ ನಗ್ತಾರೆ. ಮೊದ್ಲು ಉಣ್ರಿ,” ಎಂದಳು ಹೆಂಡತಿ ಲೋಹಿತಾ.

ಗೌರೀಶ ನಗಲಿಲ್ಲ. ಹೆಂಡತಿಯ ಫೋನು, ಕಾಲೇಜಿಗೆ ಹೋಗುವ ಮಗಳು ಭುವನಾಳ ಫೋನು, ಎರಡನ್ನೂ ಕೈಗೆ ತೆಗೆದುಕೊಂಡು ಕಳೆ ಕಿತ್ತ ಹಾಗೆ ಆಪುಗಳನ್ನು ಕಿತ್ತು ಹಾಕಿದ. ತಾಯಿಯ ಫೋನನ್ನು ಮಾತ್ರ ಮುಟ್ಟಲಿಲ್ಲ. “ಅವ್ವನ ಫೋನಾಗೆ ವಚನ ಬುಟ್ರೆ ಇನ್ನೇನಿರ್ತದೆ!” ಎಂದು ಎದ್ದು ಕೈತೊಳೆದ.

ಮಹಾಯುದ್ಧಗಳಲ್ಲಿ ಕೋಟೆ ಬೀಳುವುದು ಇಂಥ ಒಂದು ಕಿಂಡಿಯಿಂದಲೇ! ಸಂಜೆಯೊಳಗೆ ಭುವನಾ ಅಜ್ಜಿಯ ಮಂಚದ ಮೇಲೆ ಬಂದು ಕೂತಿದ್ದಳು.

“ಅಜ್ಜೀ, ‘ಮನೆಸಂತೆ’ ಅಂತ ಒಂದು ಆಪು. ನಿನ್ ಫೋನಲ್ಲಿ ಇಟ್ಟಿರ್ತೀನಿ. ನಮ್ಮ ಅಡ್ರೆಸ್ಸೂ ಹಾಕಿದೀನಿ. ನಂಗೆ ಬೇಕಾದಾಗ ಬಂದು ನೋಡ್ತೀನಿ. ಅಪ್ಪಂಗೆ ಹೇಳ್ಬೇಡ.”

“ನಿಮ್ಮಪ್ಪ ಏನಂದ ಕೇಳ್ಳಿಲ್ವೇನೇ?”

“ನೀನೂ ನೋಡು ಅಜ್ಜಿ. ಕನ್ನಡದಲ್ಲೇ ಐತೆ.”

ದಾಕ್ಷಾಯಣಮ್ಮ ಕನ್ನಡಕ ಏರಿಸಿದರು. ಸೆರಗು ಸರಿಮಾಡಿಕೊಂಡರು. “ನೋಡ್ತೀನಿ ಬುಡು. ಬರೀ ನೋಡೋದು! ಅಂಗಡಿ ಪೂರ್ತಿ ಬಿಚ್ಚಾಕ್ಸಿ ಕೈಬೀಸ್ಕಂಡು ಎದ್ದು ಹೋಗೋರನ್ನ ನಾನೆಷ್ಟು ಜನಾನ ಕಂಡಿಲ್ಲ? ನನ್ ಕೈಲಿ ಬೋಣಿ ಮಾಡಿಸ್ಕಳೋ ಆನ್‌ಲೈನು ಇನ್ನೂ ಹುಟ್ಟಿಲ್ಲ ಕಣೇ! ಶತ್ರು ಹೆಂಗೆ ವ್ಯಾಪಾರ ಮಾಡ್ತಾನೆ ಅಂತ ತಿಳ್ಕಂಡು ನಿಮ್ಮಪ್ಪಂಗೇ ಹೇಳ್ತೀನಿ.”

ಹೀಗೆ ಗೂಢಚಾರಿಕೆ ಆರಂಭವಾಯಿತು.

ಒಳಗೆ ಹೋದ ದಾಕ್ಷಾಯಣಮ್ಮನವರಿಗೆ ಮೊದಲು ಆಶ್ಚರ್ಯವಾದದ್ದು ಅಲ್ಲಿನ ಮೌನ. ಅಂಗಡಿಗೆ ಜನ ಬಂದರೆ ಮಾತಾಡಿಸಬೇಕು ತಾನೇ? ರೇಣುಕಯ್ಯನವರು ಇದ್ದಾಗ ಹೆಂಗಸರು ಬಂದು ಬಿಳಿ ಹಾಸಿನ ಮೇಲೆ ಕಾಲು ಮಡಿಚುವುದೇ ತಡ, “ಬನ್ನಿ ತಾಯಿ. ಉಡೋಕೋ, ಕೊಡೋಕೋ?” ಎನ್ನುತ್ತಿದ್ದರು. ಆ ಒಂದು ಪ್ರಶ್ನೆಯಲ್ಲಿ ಅರ್ಧ ವ್ಯಾಪಾರ ಮುಗಿಯುತ್ತಿತ್ತು. ಉಡೋಕೆ ಎಂದರೆ ಬಟ್ಟೆ ಹಿಂಡಿ ನೋಡುವ ಗಿರಾಕಿ. ಕೊಡೋಕೆ ಎಂದರೆ ಅಂಚು ಮಾತ್ರ ಹೊಳೆದರೆ ಸಾಕೆನ್ನುವ ಗಿರಾಕಿ. ಆ ಮಾತು ಎಷ್ಟು ಹೆಸರಾಯಿತೆಂದರೆ ಕೊರಟಗೆರೆ ಕಡೆಯವರು ಅಂಗಡಿಯನ್ನೇ ‘ಉಡೋಕೋ ಕೊಡೋಕೋ ಅಂಗಡಿ’ ಎಂದು ಕರೆಯುತ್ತಿದ್ದರು.

ಯಜಮಾನರು ಹೋದ ಮೇಲೆ ಆ ಪ್ರಶ್ನೆಯನ್ನು ದಾಕ್ಷಾಯಣಮ್ಮನವರಿಗೆ ಯಾರೂ ಕೇಳಲಿಲ್ಲ. ಅವರು ಕೆಳಗಿಳಿದು ಬಂದರೆ ಸಾಕು, ಬೂದಿ ಬಣ್ಣ, ಮಣ್ಣು ಬಣ್ಣ, ಮಾಸಲು ಬಿಳಿ ತಾವಾಗಿ ಮುಂದೆ ಬಂದು ಕೂರುತ್ತಿದ್ದವು. “ನಿಮಗೆ ಇದು ಸರಿ ಅಮ್ಮ.” ಗಾಢ ಬಣ್ಣ ಉಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಉಡಿ ಎಂದೂ ಯಾರೂ ಹೇಳಿರಲಿಲ್ಲ. ಅತ್ತ ಮೂರನೆಯ ಗೂಡಿನಲ್ಲಿ ಒಂದು ಸೀರೆಯಿತ್ತು. ಗಿಣಿಹಸಿರು ಒಡಲು, ಕುಂಕುಮದ ಅಂಚು. ಅದು ಜವಳಿ ಮೂಟೆಯಿಂದ ಹೊರಬಿದ್ದ ದಿನದಿಂದ ದಾಕ್ಷಾಯಣಮ್ಮನವರ ಕಣ್ಣು ಅದರ ಮೇಲಿತ್ತು. ಆದರೆ ಅದನ್ನು ತೆಗೆಸಿದರೆ “ಯಾರಿಗವ್ವಾ?” ಎಂದು ಮಗ ಕೇಳುತ್ತಾನೆ. “ನನಗೇ ಕಣೋ” ಎನ್ನುವ ಮಾತು ಗಂಟಲವರೆಗೆ ಬಂದು ಅಲ್ಲೇ ವಾಸಕ್ಕಿಳಿದಿತ್ತು.

ಮನೆಸಂತೆಯಲ್ಲಿ ಕೇಳುವವರೇ ಇಲ್ಲ! ಯಾರಿಗೆ, ಏಕೆ, ಈ ವಯಸ್ಸಿಗೆ ಇದೆಲ್ಲ ಯಾಕಮ್ಮಾ, ಏನೂ ಇಲ್ಲ. ಬೆರಳು ಆಡಿಸಿದರೆ ಸೀರೆ, ಮತ್ತೆ ಆಡಿಸಿದರೆ ಮತ್ತೊಂದು ಸೀರೆ. ಮಡಿಚಿಡುವ ಆಳಿನ ಮುಖ ಸಿಂಡರಿಸುವುದಿಲ್ಲ. ‘ತಗಳೋ ಮುಖ ಅಲ್ಲ ಇದು’ ಎಂದು ಕಣ್ಸನ್ನೆ ಮಾಡುವ ಗುಮಾಸ್ತನಿಲ್ಲ. ಗೂಢಚಾರಿಣಿ ಆ ಕ್ಷಣದಲ್ಲೇ ಅರ್ಧ ಶತ್ರುಪಾಳೆಯಕ್ಕೆ ಸೇರಿಹೋದರು!

ತೊಡಕಿದ್ದದ್ದು ಓದಿನಲ್ಲಿ. ದಾಕ್ಷಾಯಣಮ್ಮ ಓದುವುದು ಅಕ್ಷರದ ಕೆಳಗೆ ಬೆರಳಿಟ್ಟು. ಅಂಗಡಿಯವರು ಬರೆದಿಟ್ಟಿದ್ದನ್ನು ಪೂರ್ತಿ ಓದದೆ ಮುಂದೆ ಹೋಗುವುದು ಅವರ ಮರ್ಯಾದೆಗೆ ಒಪ್ಪದು. ಮನೆಸಂತೆಯ ಕನ್ನಡವೋ, ಯಾವ ಯಂತ್ರ ಹೆತ್ತದ್ದೋ ಶಿವನಿಗೇ ಗೊತ್ತು. ‘ಮಹಿಳೆಯರ ಆಕರ್ಷಕ ಸೀರೆ, ಓಡುತ್ತಿರುವ ಕುಪ್ಪಸದೊಂದಿಗೆ.’

“ಲೋಹೀ, ಓಡುತ್ತಿರುವ ಕುಪ್ಪಸ ಅಂದ್ರೇನೇ?”

“ರನ್ನಿಂಗ್ ಬ್ಲೌಸ್ ಇರ್ಬೇಕು ಅತ್ತೆ, ಸೀರೆಗೇ ಅಂಟ್ಕಂಡಿರ್ತದಲ್ಲ. ಯಾಕೆ, ಎಲ್ಲಿ ನೋಡಿದ್ರಿ?”

“ಎಲ್ಲೂ ಇಲ್ಲ ಬುಡು. ಸುಮ್ನೆ ಓಡ್ತಾ ಇತ್ತು.”

ಮುಂದೊಂದು ದಿನ ಬೆರಳು ತಪ್ಪಿ ‘ಅತ್ಯುತ್ಕೃಷ್ಟ ಶ್ಮಶ್ರುವರ್ಧಕ ತೈಲ’ ಬಂತು. ಅಯ್ಯೋ ಆ ಒತ್ತಕ್ಷರಗಳ ರಾಶಿಯೇ! ಒಂದು ಬಿಡಿಸಿದರೆ ಇನ್ನೊಂದು ಕಾಲಿಗೆ ತೊಡರುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಆರುವ ತನಕ ಅವರು ಅದನ್ನೇ ಬಿಡಿಸುತ್ತ ಕೂತರು. ಬಿಡಿಸಿದರೆ ಅದು ಗಡ್ಡ ಬೆಳೆಸುವ ಎಣ್ಣೆ! ಛೀ ಎಂದು ಮುಂದೆ ಸರಿಸಿದರೆ ಅಲ್ಲಿ ಗಡ್ಡದ ಬಾಚಣಿಗೆ. ಅದರ ಮುಂದೆ ಗಡ್ಡದ ಸಾಬೂನು, ಅದರಾಚೆ ಗಡ್ಡಕ್ಕೆ ಕರಿಬಣ್ಣ.

“ಭುವೀ, ಇದಕ್ಕೆ ಏನ್ ಬಂತೇ? ನಂಗೆ ಗಡ್ಡ ಐತಾ?”

“ಅಜ್ಜಿ, ನೀನು ಯಾವುದ್ನ ಜಾಸ್ತಿ ಹೊತ್ತು ನೋಡ್ತೀಯೋ ಅದು ನಿಂಗೆ ಬೇಕು ಅಂತ ಅಂದ್ಕಳುತ್ತೆ.”

“ನೋಡ್ತಿರ್ಲಿಲ್ಲ ಕಣೇ, ಓದ್ತಿದ್ದೆ! ಅದಕ್ಕೆ ಹೇಳ್ಬುಡು.”

“ಅದಕ್ಕೆ ಹೇಳೋಕಾಗಲ್ಲ ಅಜ್ಜಿ.”

“ನೋಡೋದು ಯಾವ್ದು, ಓದೋದು ಯಾವ್ದು ಅಂತ ಗೊತ್ತಾಗ್ದಿರೋನು ಅದೆಂಥ ವ್ಯಾಪಾರಸ್ಥ!” ಎಂದರು ದಾಕ್ಷಾಯಣಮ್ಮ. ಆದರೂ ಪಾಪ, ಅವನು ಇಷ್ಟೊಂದು ಬಿಚ್ಚಿ ತೋರಿಸಿದ್ದಾನೆ. ಬರಿಗೈಯಲ್ಲಿ ಎದ್ದು ಹೋಗುವುದು ಹೇಗೆ?

ಅದಕ್ಕೆ ಪೇಟೆ ಬೀದಿಯಲ್ಲಿ ಒಂದು ಹಳೆಯ ಉಪಾಯವಿದೆ. ಅಂಗಡಿಯವನನ್ನು ಗೋಳು ಹುಯ್ದುಕೊಂಡು, ಕೊಳ್ಳುವ ಮನಸ್ಸಿಲ್ಲದೆ ಏಳುವಾಗ “ಇದನ್ನೊಂದು ಎತ್ತಿಟ್ಟಿರಿ, ಬರ್ತೀವಿ” ಎನ್ನಬೇಕು. ಅವನು ನಂಬಿದ ಹಾಗೆ ಗಂಟು ಕಟ್ಟಿಡುತ್ತಾನೆ. ಇವರು ಬರುವವರ ಹಾಗೆ ಹೋಗುತ್ತಾರೆ. ಇಬ್ಬರ ಮಾನವೂ ಉಳಿಯುತ್ತದೆ. ಬಡವನಹಳ್ಳಿಯ ಲಕ್ಕಮ್ಮನಂತೂ ಈ ವಿದ್ಯೆಯಲ್ಲಿ ಪಳಗಿದ ಕೈ. ಆಕೆ ಎತ್ತಿಡಿ ಎಂದು ಹೋದ ಗಂಟುಗಳೇ ಒಂದು ಗೂಡು ತುಂಬಿದ್ದವು. ಮನೆಸಂತೆಯಲ್ಲೂ ಪ್ರತಿ ಸಾಮಾನಿನ ಕೆಳಗೆ ಬುಟ್ಟಿಯ ಚಿತ್ರ ಇತ್ತಲ್ಲ? ಒತ್ತಿದರೆ ಸಾಮಾನು ಬುಟ್ಟಿಗೆ ಬೀಳುತ್ತಿತ್ತು. ಎತ್ತಿಡಿ ಎನ್ನುವುದೇ ಇದು ಎಂದು ದಾಕ್ಷಾಯಣಮ್ಮನವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಓದಿ ಮುಗಿಸಿದ್ದನ್ನೆಲ್ಲ ಬುಟ್ಟಿಗೆ ಹಾಕಿ, “ಎತ್ತಿಟ್ಟಿರಪ್ಪ, ಬರ್ತೀನಿ” ಎಂದು ಫೋನಿಗೆ ಬಾಯಿಬಿಟ್ಟೇ ಹೇಳಿ ಏಳುತ್ತಿದ್ದರು. ಶ್ಮಶ್ರುವರ್ಧಕ ತೈಲಕ್ಕೂ ಅದೇ ಗೌರವ ಸಂದಿತು!

ಒಂದು ಮಧ್ಯಾಹ್ನ ಅಲ್ಲಿ ಆ ಸೀರೆಯೇ ಬಂತು. ಅದೇ ಗಿಣಿಹಸಿರು, ಅದೇ ಕುಂಕುಮದ ಅಂಚು. ಅದನ್ನು ಮಾತ್ರ ಅವರು ಓದಲಿಲ್ಲ, ನೋಡಿದರು. ಬುಟ್ಟಿಗೆ ಹಾಕಿದರು. ಮಾರನೆಯ ದಿನ ಮತ್ತೆ ನೋಡಿದರು. ಅದರ ಮಾರನೆಯ ದಿನವೂ ನೋಡಿದರು. ಬುಟ್ಟಿಯೊಳಗೆ ಕೈಯಾಡಿಸಿ ನೋಡಿದರು.

ಆನ್‌ಲೈನ್ ಎಂಬುದು ಬಾಯಿ ಸುಮ್ಮನಿರುವ ಜಾತಿಯಲ್ಲ. ಇಡೀ ಮನೆಗೆ ಇದ್ದದ್ದು ಒಂದೇ ವೈಫೈ. ಒಬ್ಬರ ಆಸೆ ಇನ್ನೊಬ್ಬರ ಫೋನಿನಲ್ಲಿ ಇಣುಕತೊಡಗಿತು. ಗೌರೀಶ ಕಡಲೆಕಾಯಿಯ ರೇಟು ನೋಡಲು ಶಿರಾ ಮಾರ್ಕೆಟ್ಟಿನ ಪುಟ ತೆರೆದರೆ ಅಲ್ಲಿ ಗಿಣಿಹಸಿರು ಸೀರೆ. ಕ್ರಿಕೆಟ್ ಸ್ಕೋರಿನ ಪಕ್ಕ ಗಿಣಿಹಸಿರು ಸೀರೆ. ಲೋಹಿತಾ ಚಟ್ನಿಪುಡಿ ಮಾಡುವ ವಿಡಿಯೋ ಹಾಕಿದರೆ ಒಗ್ಗರಣೆಗೆ ಮುಂಚೆ ಅದೇ ಸೀರೆ. ‘ನೀವು ಇಷ್ಟಪಟ್ಟದ್ದು ಇನ್ನೂ ನಿಮಗಾಗಿ ಕಾಯುತ್ತಿದೆ!’

“ನಾನೇ ಸೀರೆ ಮಾರೋನು, ನಂಗೇ ಸೀರೆ ಮಾರಾಕೆ ಬಂದವ್ನಲ್ಲ ಇವ್ನು!” ಎಂದು ಗೌರೀಶ ಗುಡುಗಿದ. ಲೋಹಿತಾ ಗುಡುಗಲಿಲ್ಲ. ಅವಳು ಭುವನಾಳನ್ನು ಕರೆದು, ಈ ಜಾಹೀರಾತು ಯಾರಿಗೆ ಬರುತ್ತದೆ ಎಂದು ವಿಚಾರಿಸಿದಳು. ಭುವನಾ ತನ್ನ ಗುಟ್ಟು ಉಳಿಸಿಕೊಳ್ಳಲು, “ಮನೇಲಿ ಯಾರೋ ಕದ್ದು ನೋಡಿದ್ರೆ ಬರುತ್ತಮ್ಮ” ಎಂದಷ್ಟೇ ಹೇಳಿ ಜಾರಿಕೊಂಡಳು.

ಆ ‘ಯಾರೋ’ ಲೋಹಿತಾಳ ತಲೆಯೊಳಗೆ ಮೀಸೆ ಬಿಟ್ಟುಕೊಂಡು ಕೂತ.

“ರೀ, ಆ ಗಿಣಿಹಸಿರು ಸೀರೆ ಯಾರಿಗೆ?”

“ಯಾವ ಸೀರೆ?”

“ನಿಮ್ ಫೋನಾಗೆ ಬತ್ತದಲ್ಲ, ಅದು. ನಂಗಂತೂ ಅಲ್ಲ. ನಂಗೆ ನೀವು ಕೊಡೋದು ಸ್ಟಾಕ್ ಉಳಿದಿದ್ದು.”

“ಲೇ, ಜವಳಿ ಅಂಗಡಿ ಇಟ್ಕಂಡು ನಾನ್ಯಾಕೆ ಫೋನಾಗೆ ಸೀರೆ ನೋಡ್ಲಿ?”

“ಅದೇ ನಾನೂ ಕೇಳ್ತಿರೋದು. ಅಂಗಡೀಲಿ ತಗಂಡ್ರೆ ಎಲ್ರಿಗೂ ಗೊತ್ತಾಗ್ತದಲ್ವಾ?”

“ಶಿವನಾಣೆ ನಂಗೆ ಗೊತ್ತಿಲ್ಲ!”

“ಗಡ್ಡದ ಎಣ್ಣೇನೂ ಗೊತ್ತಿಲ್ವಾ? ಅದೂ ಬತ್ತದೆ. ಈ ವಯಸ್ಸಲ್ಲಿ ಗಡ್ಡ ಬಿಟ್ಟು ಯಾರಿಗ್ ತೋರಿಸ್ಬೇಕಾಗದೆ?”

ಗೌರೀಶ ತನ್ನ ನುಣ್ಣನೆಯ ಗಲ್ಲ ಮುಟ್ಟಿ ನೋಡಿಕೊಂಡ. ಆ ವಾರವಿಡೀ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ. ದಾಕ್ಷಾಯಣಮ್ಮ ಉಪ್ಪಿಲ್ಲದ ಸಾರನ್ನೇ ಗುಟುಕರಿಸುತ್ತ, ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದರು. ಹೇಳಿದರೆ ಎಲ್ಲರೂ ಒಟ್ಟಿಗೇ ಕೇಳುತ್ತಾರಲ್ಲ, ಯಾರಿಗೆ ಎಂದು. ಬಾಯಿಗೆ ಹಪ್ಪಳ ಹಾಕಿಕೊಂಡರು.

ಅಂಥ ಹೊತ್ತಿನಲ್ಲೇ ಮನೆಸಂತೆಯಿಂದ ಒಂದು ಸಂದೇಶ ಬಂತು. ‘ನಿಮ್ಮ ಬುಟ್ಟಿ ಕಾಯುತ್ತಿದೆ. ಇಂದೇ ಕೊನೆಯ ದಿನ. ಮುಂದುವರಿಸುವಿರಾ?’ ದಾಕ್ಷಾಯಣಮ್ಮನವರಿಗೆ ಅದು ಅಪರಿಚಿತ ಮಾತೇನಲ್ಲ. ಹಬ್ಬದ ಮುಂಚೆ ರೇಣುಕಯ್ಯನವರೂ ಎತ್ತಿಡಿ ಎಂದವರಿಗೆ ಹೇಳಿಕಳಿಸುತ್ತಿದ್ದರು, “ಗಂಟು ಇನ್ನೂ ಇರ್ಲಾ, ಬಿಚ್ಚಿ ಬೇರೆಯೋರಿಗೆ ತೋರಿಸ್ಲಾ?” ಮಾನವಂತರು ಕೊಡುವ ಉತ್ತರ ಒಂದೇ, “ಇರ್ಲಿ.” ದಾಕ್ಷಾಯಣಮ್ಮ ‘ಹೌದು’ ಒತ್ತಿದರು. ವಿಳಾಸ ಇದೇನಾ ಎಂದು ಕೇಳಿತು. ಗಂಟಿನ ಮೇಲೆ ಹೆಸರು, ಊರು ಬರೆದಿಡುವುದು ವಾಡಿಕೆ, ಹೌದು. ಹಣ ಆಮೇಲೆ ಕೊಡುವಿರಾ ಎಂದಿತು. ಎತ್ತಿಟ್ಟ ಗಂಟಿಗೆ ಯಾರು ಮೊದಲೇ ದುಡ್ಡು ಕೊಡುತ್ತಾರೆ? ಹೌದು! ಥಟ್ಟನೆ ಪರದೆಯ ತುಂಬ ಬಣ್ಣದ ಕಾಗದಚೂರು ಹಾರಿ, ‘ಅಭಿನಂದನೆಗಳು!’ ಎಂದಿತು.

“ಪಾಪ, ಇರ್ಲಿ ಅಂದಿದ್ದಕ್ಕೇ ಎಷ್ಟು ಖುಷಿ ಇದಕ್ಕೆ!” ಎಂದು ದಾಕ್ಷಾಯಣಮ್ಮ ಹಾಯಾಗಿ ಒರಗಿದರು.

ಗಂಟು ಬಂದ ದಿನ ಕೆಳಗೆ ಅಂಗಡಿಯಲ್ಲಿ ಮದುವೆ ಜವಳಿ ನಡೆದಿತ್ತು. ಎತ್ತಿಡುವುದರಲ್ಲಿ ಹೆಸರಾದ ಅದೇ ಲಕ್ಕಮ್ಮ, ಮೊಮ್ಮಗಳ ಮದುವೆಗೆಂದು ಟೆಂಪೋ ತುಂಬ ನೆಂಟರನ್ನು ಹೇರಿಕೊಂಡು ಬಂದಿದ್ದಳು. ಬಿಳಿ ಹಾಸಿನ ಮೇಲೆ ಸೀರೆಗಳ ಗುಡ್ಡ. ಅದರ ನೆತ್ತಿಯ ಮೇಲೆ ಗೌರೀಶನ ಭಾಷಣ.

“ಆನ್‌ಲೈನಾಗೆ ಏನದೆ ತಾಯಿ? ಫೋಟೋ! ಫೋಟೋನ ಉಡಾಕಾಗ್ತದಾ? ನಮ್ ಮನೇಲಿ ಒಂದು ಪಿನ್ನೂ ತರ್ಸಲ್ಲ ಗೊತ್ತಾ?”

“ಅಮ್ಮೋರೇ! ದಾಕ್ಷಾಯಣಮ್ಮೋರೇ! ಪಾರ್ಸೆಲ್ಲೂ!”

ಬೀದಿಯ ಆ ತುದಿಗೂ ಕೇಳಿಸಿದ ಆ ಗಂಟಲು ಸಣ್ಣರಂಗಯ್ಯನದು. ಇದೇ ಅಂಗಡಿಯಲ್ಲಿ ತಲೆ ನರೆಯುವವರೆಗೆ ಸೀರೆ ಬಿಚ್ಚಿ ತೋರಿಸಿದ ಮನುಷ್ಯ. ವ್ಯಾಪಾರ ಇಳಿದ ಮೇಲೆ ಮೊಪೆಡ್ಡು ಹಿಡಿದು ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಿದ್ದ.

ಗೌರೀಶ ಹಲ್ಲು ಕಚ್ಚಿ, “ರಂಗಯ್ಯ, ತಪ್ಪು ಬಂದಿದೀಯ. ನಡಿ, ನಡಿ,” ಎಂದ.

“ಎಲ್ಲಾದ್ರೂ ಉಂಟಾ ಸಾವ್ಕಾರ್ರೇ! ಈ ಅಡ್ರೆಸ್ಸು ನಂಗೆ ಗೊತ್ತಿಲ್ವಾ?” ಎಂದ ಸಣ್ಣರಂಗಯ್ಯ ಹಳೆಯ ಅಭ್ಯಾಸದಲ್ಲಿ ಡಬ್ಬಗಳನ್ನು ನೇರ ಬಿಳಿ ಹಾಸಿನ ಮೇಲೇ ತಂದು ಜೋಡಿಸಿದ. ಲಕ್ಕಮ್ಮ “ಬಿಚ್ಚಪ್ಪಾ, ನೋಡಾನ” ಎಂದದ್ದೇ ಸಾಕು. ಬಿಚ್ಚಿ ತೋರಿಸುವುದು ಆ ಕೈಗಳ ಹುಟ್ಟುಗುಣ! ಟೇಪು ಕಿತ್ತು ಬಂತು. ಶ್ಮಶ್ರುವರ್ಧಕ ತೈಲ, ಅದರ ಬಾಚಣಿಗೆ, ನಾಯಿ ಇಲ್ಲದ ಮನೆಗೆ ನಾಯಿಯ ಬೆಲ್ಟು, ಓಡುತ್ತಿರುವ ಕುಪ್ಪಸಗಳು, ಕೊನೆಗೆ ಗಿಣಿಹಸಿರು ಸೀರೆ.

ಅಷ್ಟೇ! ಹೆಂಗಸರೆಲ್ಲ ಗೌರೀಶನ ಗುಡ್ಡವನ್ನು ಬಿಟ್ಟು ಡಬ್ಬಕ್ಕೆ ಮುತ್ತಿದರು.

“ಇದು ಚೆಂದಾಗೈತೆ. ಇಂಥಾದ್ದು ತೋರ್ಸಪ್ಪ.”

“ತಾಯಿ, ಇಂಥಾದ್ದೇ ಆಗ್ಲೇ ತೋರ್ಸಿದ್ನಲ್ಲ! ಅದೇ ಅಂಚು, ಅದೇ ಒಡ್ಲು. ಬೇಡ ಅಂದ್ರಿ.”

“ಅದು ಅಂಗಡೀದು ಕಣಪ್ಪ. ಇದು ಆನ್‌ಲೈನಿಂದು!”

ಗೌರೀಶ ಮೆಟ್ಟಿಲ ಕಡೆ ತಿರುಗಿ, “ಅವ್ವಾ!” ಎಂದು ಕೂಗಿದ. ದಾಕ್ಷಾಯಣಮ್ಮ ಇಳಿದು ಬಂದರು. ಹಿಂದೆ ಲೋಹಿತಾ, ಅವಳ ಹಿಂದೆ ಅಡಗಿಕೊಂಡು ಭುವನಾ.

“ಇದೆಲ್ಲ ನೀನು ತಗಂಡ್ಯಾ?”

“ತಗಂಡಿಲ್ಲ ಕಣೋ. ಎತ್ತಿಡಿ ಅಂದೆ.”

ಲಕ್ಕಮ್ಮ ಎದೆ ಹಿಡಿದುಕೊಂಡು ನಕ್ಕಳು. “ಅಯ್ಯೋ ನನ್ನವ್ವ! ನಾನು ನಿಮ್ಮಂಗಡೀಲಿ ಹರೇದಾಗಿಂದ ಎತ್ತಿಡಿ ಅಂತಾ ಇವ್ನಿ. ನಿಮ್ ಯಜಮಾನ್ರು ಒಂದಿನಾನೂ ಮನೇತಂಕ ತಂದು ಹಾಕ್ಲಿಲ್ವಲ್ಲ!”

ಅಂಗಡಿಯೆಲ್ಲ ನಕ್ಕಿತು. ಸಣ್ಣರಂಗಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಲೋಹಿತಾ ಗಂಡನ ಗಲ್ಲ ನೋಡಿ, ಮೊದಲ ಸಲ ಕಣ್ಣಲ್ಲೇ ಕ್ಷಮೆ ಕೇಳಿದಳು. ಗೌರೀಶ ಮಾತ್ರ ಗಿಣಿಹಸಿರು ಸೀರೆಯನ್ನು ಎತ್ತಿ ಹಿಡಿದ.

“ಎಣ್ಣೆ ಹಾಳಾಗೋಗ್ಲಿ. ನಾಯಿ ಬೆಲ್ಟೂ ಹಾಳಾಗೋಗ್ಲಿ. ಈ ಸೀರೆ ಯಾರಿಗವ್ವಾ?”

ನಗು ನಿಂತಿತು. ಟೆಂಪೋ ತುಂಬ ನೆಂಟರು ದಾಕ್ಷಾಯಣಮ್ಮನವರ ಬಾಯನ್ನೇ ನೋಡಿದರು. ಗಂಟಲಲ್ಲಿ ವಾಸವಿದ್ದ ಆ ಮಾತು ಎದ್ದು ನಿಂತು, ಹೊಸಿಲು ದಾಟಿ, ಜನ ನೋಡಿ, ಮತ್ತೆ ಒಳಗೆ ಓಡಿತು.

“ಕೊಡೋಕೆ ಕಣೋ. ಭುವಿಗೆ.”

“ಥೂ, ಈ ಕಲರ್ರಾ? ನಾನುಡಲ್ಲಪ್ಪ!” ಎಂದಳು ಭುವನಾ.

ದಾಕ್ಷಾಯಣಮ್ಮ ಆ ಸೀರೆಯ ಸೆರಗಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಬೆರಳು ಹಸಿರಾಯಿತು. “ಬಣ್ಣ ಬಿಡ್ತದೆ. ವಾಪಸ್ ಕಳ್ಸು,” ಎಂದು ಮೂರನೆಯ ಗೂಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಮೆಟ್ಟಿಲು ಹತ್ತಿದರು.

ಲಕ್ಕಮ್ಮ ಹೊರಡುವಾಗ ಒಂದು ಮಾತು ಎಸೆದು ಹೋದಳು. “ಗೌರೀಶಪ್ಪ, ಬಟ್ಟೆ ನಿಂದೇ ತಗತೀವಿ. ಆದ್ರೆ ಇಂಥ ಡಬ್ಬದಾಗೆ ಹಾಕಿ ಮನೇತಂಕ ಕಳ್ಸಿಕೊಡು. ಬೀಗರು ನೋಡಿದ್ರೆ ಆನ್‌ಲೈನು ಅನ್ಬೇಕು. ದಾಕ್ಷಾಯಣಮ್ಮೋರೂ ಮದ್ವೇಗೆ ಬರ್ಬೇಕು, ಹೇಳ್ಬುಡು!”

ಗೌರೀಶ ಒಂದು ದಿನ ಯೋಚಿಸಿದ. ಎರಡನೆಯ ದಿನ ಬ್ಯಾನರು ಕೆಳಗಿಳಿಯಿತು. ಮೂರನೆಯ ದಿನ ಅದೇ ಬ್ಯಾನರು ಬೆನ್ನು ತಿರುಗಿಸಿಕೊಂಡು ಮತ್ತೆ ಮೇಲೇರಿತು. ‘ಮನೆಯಲ್ಲೇ ಕೂತು ಕೊಳ್ಳಿ! ರೇಣುಕಯ್ಯ ಅಂಡ್ ಸನ್ಸ್ ಈಗ ಆನ್‌ಲೈನ್!’ ಭುವನಾ ರಾತ್ರಿ ಹಗಲೆನ್ನದೆ ಪುಟ ಕಟ್ಟಿದಳು. ಸಣ್ಣರಂಗಯ್ಯ ಮೊಪೆಡ್ಡು ಸಮೇತ ಹಳೆಯ ಧಣಿಯ ಹತ್ತಿರವೇ ವಾಪಸಾದ. ವರ್ತಕರ ಸಂಘದಲ್ಲಿ ಗೌರೀಶ ಮೈಕ್ ಹಿಡಿದು, ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಹಿಂದಿನ ಸಲಕ್ಕಿಂತ ಜೋರಾಗಿ ಮಾತಾಡಿದ!

ಪುಟ ತೆರೆದ ದಿನ ಗೌರೀಶ ಕೆಳಗೆ ಫೋನಿಗೆ ಊದುಬತ್ತಿ ಬೆಳಗಿ ಬೋಣಿಗೆ ಕಾದು ಕೂತ. ಮೇಲೆ ದಾಕ್ಷಾಯಣಮ್ಮ ಬಾಗಿಲು ಮುಂದೆ ಮಾಡಿಕೊಂಡು ಮಂಚದ ಮೇಲೆ ಕೂತರು. ಅವರ ಹತ್ತಿರ ಒಂದು ಸಂಚು ಸಿದ್ಧವಿತ್ತು. ಹೆಸರು ಸಣ್ಣರಂಗಯ್ಯನ ಹೆಂಡತಿಯದು, ವಿಳಾಸ ಸಣ್ಣರಂಗಯ್ಯನ ಮನೆಯದು. ಗಂಟು ಅಲ್ಲಿಗೆ ಹೋಗಿ, ಅಲ್ಲಿಂದ ಸೊಪ್ಪಿನ ಚೀಲದೊಳಗೆ ಇಲ್ಲಿಗೆ ಬರುತ್ತದೆ. “ಯಾರ್ಗೂ ಹೇಳಲ್ಲ ಅಮ್ಮೋರೇ” ಎಂದು ಅವನು ತನ್ನ ಮಟ್ಟಿಗೆ ಮೆಲ್ಲಗೇ ಮಾತು ಕೊಟ್ಟಿದ್ದ. ಬಡವನಹಳ್ಳಿ ಮದುವೆಗೆ ಉಟ್ಟು ಟೆಂಪೋ ಇಳಿದ ಮೇಲೆ ಯಾರು ಏನು ಬೇಕಾದರೂ ಕೇಳಲಿ. ಉಟ್ಟ ಸೀರೆಯನ್ನು ಯಾರಿಗೆ ಎಂದು ಯಾರೂ ಕೇಳುವುದಿಲ್ಲ!

ತಮ್ಮದೇ ಅಂಗಡಿಯ ಮೂರನೆಯ ಗೂಡು ಫೋನಿನಲ್ಲಿ ತೆರೆದುಕೊಂಡಿತು. ಗಿಣಿಹಸಿರು ಒಡಲು, ಕುಂಕುಮದ ಅಂಚು, ಬಣ್ಣ ಬಿಡದ ಅಸಲಿ. ಎತ್ತಿಡುವುದಿಲ್ಲ, ಈ ಸಲ ಕೊಳ್ಳುವುದೇ. ದಾಕ್ಷಾಯಣಮ್ಮ ‘ಕೊಳ್ಳಿ’ ಒತ್ತಿದರು.

ಪುಟ ಒಮ್ಮೆ ಮಿನುಗಿತು. ಮಿನುಗಿ, ಅದರ ನಡುವಿನಿಂದ ಪೇಟ ಸುತ್ತಿಕೊಂಡ ರೇಣುಕಯ್ಯನವರು ನಗುತ್ತ ಮೇಲೆದ್ದು ಬಂದರು. ಅಪ್ಪನ ಮಾತಿಲ್ಲದೆ ನಮ್ಮದೆಂಥ ಅಂಗಡಿ ಎಂದು ಗೌರೀಶ ಮಗಳಿಗೆ ಹೇಳಿ ಹಾಕಿಸಿದ್ದು ಅಜ್ಜಿಗೆ ಗೊತ್ತಿರಲಿಲ್ಲ. ಯಜಮಾನರ ತುಟಿಯ ಪಕ್ಕ ಏನೋ ಬರೆದಿತ್ತು. ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದಾಗಿ ಓದಿದರು.

“ಬನ್ನಿ ತಾಯಿ. ಉಡೋಕೋ, ಕೊಡೋಕೋ?”